ನೆಲದ ಮೇಲೆ ಯುದ್ಧದ ಆಟ ಆಡಿದ ಎಚ್. ಜಿ. ವೆಲ್ಸ್

ಎಚ್. ಜಿ. ವೆಲ್ಸ್ ಎಂಬ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ಕೇಳಿರುತ್ತೇವೆ. ಯಂತ್ರದಲ್ಲಿ ಕುಳಿತು ಭವಿಷ್ಯಕ್ಕೆ ಹೋಗುವವನ ಕಥೆ, ಕಣ್ಣಿಗೆ ಕಾಣದ ಮನುಷ್ಯನ ಕಥೆ, ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ ಕಥೆ ಇವೆಲ್ಲ ಅವರು ಬರೆದವು. ಆದರೆ ಅವರು ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ನೆಲದ ಮೇಲೆ ಮಂಡಿಯೂರಿ ಯುದ್ಧದ ಆಟ ಆಡುತ್ತಿದ್ದರು, ಆ ಆಟಕ್ಕೆ ನಿಯಮಗಳನ್ನು ಬರೆದು ಪುಸ್ತಕವನ್ನೇ ಮಾಡಿದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಳೆದ ರಜೆಯಲ್ಲಿ ನಾನು ಅವರ ಒಂದು ಕಥೆಯಲ್ಲಿ ಬರುವ ಯುದ್ಧವಾಹನದ ಮಾದರಿಯನ್ನು ಮಾಡಿದೆ. ಅಳತೆಗಳಿಗಾಗಿ ಕಥೆಯನ್ನು ನಾಲ್ಕೈದು ಸಲ ಓದಬೇಕಾಯಿತು. ಕಥೆ ಓದಿದ ಮೇಲೆ ಬರೆದವರ ಜೀವನವನ್ನೂ ಓದಿದೆ. ಯುದ್ಧವನ್ನು ಅಷ್ಟು ವಿರೋಧಿಸಿದವರು ಯುದ್ಧದ ಆಟವನ್ನು ಅಷ್ಟು ಪ್ರೀತಿಯಿಂದ ಏಕೆ ಆಡಿದರು ಎಂಬ ಪ್ರಶ್ನೆ ಆಗ ಹುಟ್ಟಿತು. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಅವರ ಜೀವನವನ್ನು ಇಲ್ಲಿ ಹೇಳುತ್ತಿದ್ದೇನೆ.

ಬಟ್ಟೆ ಅಂಗಡಿಯ ಹುಡುಗ

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ವೆಲ್ಸ್ ಮೊದಲು ತೋಟಗಾರರಾಗಿದ್ದವರು, ಆಮೇಲೆ ಪಿಂಗಾಣಿ ಪಾತ್ರೆ ಮತ್ತು ಕ್ರಿಕೆಟ್ ಸಾಮಾನಿನ ಸಣ್ಣ ಅಂಗಡಿ ಇಟ್ಟರು. ಅವರು ಒಳ್ಳೆಯ ಬೌಲರ್ ಕೂಡ. 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸ್ ವಿರುದ್ಧ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಪಡೆದವರು. ತಾಯಿ ಸಾರಾ ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದವರು. ಅಂಗಡಿಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೇ. ಕ್ರಿಕೆಟ್ಟಿನಿಂದ ಬರುವ ಹಣ ಮನೆಗೆ ಆಸರೆಯಾಗಿತ್ತು.

ಏಳನೇ ವಯಸ್ಸಿನಲ್ಲಿ ಹುಡುಗನ ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿದ ಮಗನಿಗೆ ತಂದೆ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟರು. ಓದುವ ಹುಚ್ಚು ಹಿಡಿದದ್ದು ಆಗಲೇ. 1877ರಲ್ಲಿ ತಂದೆಯ ಕಾಲೂ ಮುರಿಯಿತು. ಕ್ರಿಕೆಟ್ ನಿಂತಿತು, ಅದರ ಹಣವೂ ನಿಂತಿತು. ತಾಯಿ 1880ರಲ್ಲಿ ಸಸೆಕ್ಸಿನ ಅಪ್‌ಪಾರ್ಕ್ ಎಂಬ ಬಂಗಲೆಗೆ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಹೋದರು. ಹದಿಮೂರು ಹದಿನಾಲ್ಕರ ಮಗನನ್ನು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು.

ಸೌತ್‌ಸೀ ಎಂಬಲ್ಲಿನ ಬಟ್ಟೆ ಅಂಗಡಿಯಲ್ಲಿ ಅವರು ಎರಡು ವರ್ಷ ದುಡಿದರು. ದಿನಕ್ಕೆ ಸುಮಾರು 13 ಗಂಟೆ ಕೆಲಸ, ರಾತ್ರಿ ಇತರ ಹುಡುಗರೊಂದಿಗೆ ಒಂದೇ ಕೋಣೆಯಲ್ಲಿ ನಿದ್ದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಎದ್ದು, ಸುಮಾರು 17 ಮೈಲಿ ನಡೆದು, ತಾಯಿಯಿದ್ದ ಬಂಗಲೆಗೆ ಹೋಗಿ ಇನ್ನು ಅಲ್ಲಿ ಇರುವುದಿಲ್ಲ ಎಂದು ಹೇಳಿಬಿಟ್ಟರು. 1883ರಲ್ಲಿ ಮಿಡ್‌ಹರ್ಸ್ಟ್ ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಕಲಿಯುತ್ತಲೇ ಕಲಿಸುವ ಸಹಾಯಕನಾಗಿ ಸೇರಿಸಿಕೊಂಡರು. ಮರುವರ್ಷವೇ ವಿದ್ಯಾರ್ಥಿವೇತನ ಸಿಕ್ಕಿತು. ಲಂಡನ್ನಿನ ವಿಜ್ಞಾನ ಕಾಲೇಜಿಗೆ ಸೇರಿದರು. ಅಲ್ಲಿ ಜೀವಶಾಸ್ತ್ರ ಕಲಿಸಿದವರು ಪ್ರಸಿದ್ಧ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ.

ಕಾಲೇಜು ಪತ್ರಿಕೆಯಿಂದ ಕಾಲಯಂತ್ರ

ಸ್ನೇಹಿತರೇ, ನಮ್ಮಂಥ ಕಾಲೇಜು ಪತ್ರಿಕೆಯನ್ನು ಯಾರು ಓದುತ್ತಾರೆ ಎಂದು ಕೇಳುವವರಿಗೆ ಇಲ್ಲಿ ಒಂದು ಉತ್ತರವಿದೆ. 1886ರಲ್ಲಿ ವೆಲ್ಸ್ ತಮ್ಮ ಕಾಲೇಜಿನಲ್ಲಿ 'ಸೈನ್ಸ್ ಸ್ಕೂಲ್ಸ್ ಜರ್ನಲ್' ಎಂಬ ವಿದ್ಯಾರ್ಥಿ ಪತ್ರಿಕೆಯನ್ನು ಆರಂಭಿಸುವುದರಲ್ಲಿ ಮುಂದಿದ್ದರು. ಅದರ ಮೊದಲ ಸಂಪಾದಕರೂ ಅವರೇ. 1888ರಲ್ಲಿ ಆ ಪತ್ರಿಕೆಯಲ್ಲಿ ಕಾಲದಲ್ಲಿ ಪಯಣಿಸುವ ಯಂತ್ರದ ಬಗ್ಗೆ ಒಂದು ಕಥೆಯನ್ನು ಮೂರು ಕಂತುಗಳಲ್ಲಿ ಬರೆದರು. ಅದನ್ನೇ ಮತ್ತೆ ಮತ್ತೆ ತಿದ್ದಿ ಬರೆದು 1895ರಲ್ಲಿ 'ದಿ ಟೈಮ್ ಮೆಷಿನ್' ಎಂಬ ಪುಸ್ತಕವಾಗಿ ಹೊರತಂದರು. ಜಗತ್ತಿಗೆಲ್ಲ ಗೊತ್ತಿರುವ ಆ ಪುಸ್ತಕದ ಬೇರು ಒಂದು ಕಾಲೇಜು ಪತ್ರಿಕೆಯಲ್ಲಿದೆ.

ಈ ನಡುವೆ ಅವರ ದಾರಿ ಸುಗಮವಾಗಿರಲಿಲ್ಲ. 1887ರಲ್ಲಿ ಭೂವಿಜ್ಞಾನದ ಪರೀಕ್ಷೆಯಲ್ಲಿ ನಪಾಸಾಗಿ, ಪದವಿ ಇಲ್ಲದೆ ಕಾಲೇಜು ಬಿಟ್ಟರು. ವೇಲ್ಸಿನ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಫುಟ್‌ಬಾಲ್ ಆಟದಲ್ಲಿ ಮೂತ್ರಪಿಂಡಕ್ಕೆ ಬಲವಾದ ಪೆಟ್ಟು ಬಿತ್ತು. ಶ್ವಾಸಕೋಶದಿಂದ ರಕ್ತ ಬರುವ ಕಾಯಿಲೆಯೂ ಕಾಡಿತು. ಆದರೂ ಓದು ಬಿಡದೆ 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಪಡೆದರು. 1893ರಲ್ಲಿ ಮತ್ತೆ ರಕ್ತ ಕಾರಿಕೊಂಡಾಗ ತರಗತಿಯಲ್ಲಿ ನಿಂತು ಪಾಠ ಮಾಡುವುದು ಇನ್ನು ಸಾಧ್ಯವಿಲ್ಲವೆಂದಾಯಿತು. ಮಲಗಿದಲ್ಲೇ ಮಾಡಬಹುದಾದ ಕೆಲಸ ಬರೆಯುವುದೊಂದೇ. ಅದೇ ವರ್ಷ ಬಂದ ಜೀವಶಾಸ್ತ್ರದ ಪಠ್ಯಪುಸ್ತಕ ಅವರ ಮೊದಲ ಪುಸ್ತಕಗಳಲ್ಲಿ ಒಂದು.

1895ರಿಂದ ಮೂರು ನಾಲ್ಕು ವರ್ಷಗಳಲ್ಲಿ ಅವರು ಹೆಸರುವಾಸಿಯಾದರು. ವೋಕಿಂಗ್ ಎಂಬ ಊರಿನಲ್ಲಿ ಮನೆ ಮಾಡಿ, ಸೈಕಲ್ ಕಲಿತು, ಸುತ್ತಲಿನ ಊರುಗಳನ್ನು ಸುತ್ತುತ್ತ ಮಂಗಳ ಗ್ರಹದ ಯಂತ್ರಗಳು ಯಾವ ಯಾವ ಬೀದಿಯನ್ನು ಸುಡಬೇಕೆಂದು ಗುರುತು ಹಾಕಿಕೊಂಡರು. ಮೂರು ಕಾಲಿನ ಆ ಎತ್ತರದ ಯಂತ್ರಗಳು ಬರುವ 'ದಿ ವಾರ್ ಆಫ್ ದಿ ವರ್ಲ್ಡ್ಸ್' 1898ರಲ್ಲಿ ಪುಸ್ತಕವಾಯಿತು. ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ಯುರೋಪಿನವರು ಹೇಗೆ ನಿರ್ನಾಮ ಮಾಡಿದರು ಎಂಬ ಮಾತಿನಿಂದ ಆ ಕಥೆ ಹುಟ್ಟಿತು. ನಾವು ಇತರರಿಗೆ ಮಾಡಿದ್ದನ್ನು ನಮಗಿಂತ ಬಲಶಾಲಿಗಳು ಬಂದು ನಮಗೆ ಮಾಡಿದರೆ ಹೇಗಿರುತ್ತದೆ ಎಂದು ಸಾಮ್ರಾಜ್ಯದ ಮಧ್ಯದಲ್ಲಿ ಕುಳಿತು ಅವರು ಕೇಳಿದರು. ಅದೇ ವೆಲ್ಸ್ 1901ರ ಒಂದು ಪುಸ್ತಕದಲ್ಲಿ ದುರ್ಬಲ ಜನಾಂಗಗಳ ಬಗ್ಗೆ ಬಹಳ ಕಠಿಣವಾದ ಮಾತುಗಳನ್ನೂ ಬರೆದಿದ್ದಾರೆ. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ.

ಉಕ್ಕಿನ ವಾಹನ

1903ರ ಡಿಸೆಂಬರ್‌ನಲ್ಲಿ 'ಸ್ಟ್ರಾಂಡ್' ಎಂಬ ಮಾಸಿಕದಲ್ಲಿ ಅವರ 'ದಿ ಲ್ಯಾಂಡ್ ಐರನ್‌ಕ್ಲಾಡ್ಸ್' ಎಂಬ ಕಥೆ ಬಂತು. ಉಕ್ಕಿನ ಹೊದಿಕೆಯ ಯುದ್ಧನೌಕೆಯೇ ನೆಲದ ಮೇಲೆ ನಡೆದು ಬಂದರೆ ಹೇಗೆ ಎಂಬುದು ಅದರ ಕಲ್ಪನೆ. ಎರಡು ಸೇನೆಗಳು ಕಂದಕಗಳಲ್ಲಿ ಎದುರುಬದುರು ಕುಳಿತಿವೆ. ಒಂದು ಮುಂಜಾನೆ ದೈತ್ಯ ವಾಹನಗಳು ಬರುತ್ತವೆ. ಗುಂಡು ತಾಗಿದರೂ ಅವುಗಳಿಗೆ ಏನೂ ಆಗುವುದಿಲ್ಲ. ಒಳಗೆ ಸಣ್ಣ ಸಣ್ಣ ಗೂಡುಗಳಲ್ಲಿ ಕುಳಿತ ಯುವಕರು ಮುಂದಿನ ಹಲಗೆಯ ಮೇಲೆ ಬೀಳುವ ಹೊರಗಿನ ಚಿತ್ರವನ್ನು ನೋಡಿ, ಗುರಿ ಹೊಂದಿಸಿ, ಕರೆಗಂಟೆಯ ಗುಂಡಿಯಂಥದ್ದನ್ನು ಒತ್ತುತ್ತಾರೆ. ಹೊರಗೆ ಒಬ್ಬ ಮನುಷ್ಯ ಬೀಳುತ್ತಾನೆ. ಒಳಗಿರುವವರಿಗೆ ಕೋಪವಿಲ್ಲ, ಗದ್ದಲವಿಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುವವರ ಹಾಗೆ ಕೆಲಸ ಮಾಡುತ್ತಾರೆ.

ನಾನು ಮಾದರಿ ಮಾಡಿದ್ದು ಇದೇ ವಾಹನವನ್ನು. ಕಥೆಯಲ್ಲಿ ಅಳತೆಗಳು ಇರುವುದರಿಂದ ಲೆಕ್ಕ ಸುಲಭವಾಯಿತು. ಉದ್ದ 80ರಿಂದ 100 ಅಡಿ, ಪಕ್ಕದ ಗೋಡೆಯ ಎತ್ತರ ಸುಮಾರು 10 ಅಡಿ, ತಲಾ 10 ಅಡಿ ವ್ಯಾಸದ ಎಂಟು ಜೋಡಿ ಚಕ್ರಗಳು, ಅವುಗಳ ಸುತ್ತ ಆನೆಯ ಪಾದಗಳಂಥ ಅಗಲವಾದ ಪಾದಗಳು, ಚಕ್ರಗಳನ್ನು ಮುಚ್ಚಲು 12 ಅಂಗುಲ ದಪ್ಪದ ಕಬ್ಬಿಣದ ಲಂಗ, ಮೇಲೆ ಆಮೆಯ ಚಿಪ್ಪಿನಂಥ ಚಪ್ಪಟೆ ಮುಚ್ಚಳ. 1:100ರ ಪ್ರಮಾಣ ಇಟ್ಟುಕೊಂಡೆ. ಆಗ 90 ಅಡಿಯ ಉದ್ದ 27 ಸೆಂ.ಮೀ. ಆಗುತ್ತದೆ. ಚಕ್ರ 3 ಸೆಂ.ಮೀ.; ತಂಪು ಪಾನೀಯದ ಬಾಟಲಿಯ ಮುಚ್ಚಳ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹದಿನಾರು ಮುಚ್ಚಳ ಕೂಡಿಸಿದೆ. 12 ಅಂಗುಲದ ಕಬ್ಬಿಣ 3 ಮಿ.ಮೀ. ಆಗುತ್ತದೆ, ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡಿನ ದಪ್ಪವೂ 3 ಮಿ.ಮೀ. ಮೇಲಿನ ಮುಚ್ಚಳಕ್ಕೆ ಮನೆಯಲ್ಲಿದ್ದ ಹಳೆಯ ಮದುವೆ ಕಾಗದಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಸ್ವಲ್ಪ ಬಾಗಿಸಿ ಒಣಗಿಸಿದೆ.

ಕಬ್ಬಿಣದ ಹಲಗೆಗಳನ್ನು ಜೋಡಿಸುವ ಮೊಳೆಗಳಿಗೆ ಸಾಸಿವೆ ಕಾಳು ಅಂಟಿಸಬಹುದೆಂದು ನನ್ನ ತಮ್ಮ ಹೇಳಿದ. ಆದರೆ ಒಂದೂವರೆ ಮಿ.ಮೀ.ನ ಸಾಸಿವೆ ಈ ಪ್ರಮಾಣದಲ್ಲಿ 15 ಸೆಂ.ಮೀ. ಅಗಲದ ಮೊಳೆಯಾಗುತ್ತದೆ. ಆದ್ದರಿಂದ ಸೂಜಿಯ ತುದಿಯಿಂದ ಫೆವಿಕಾಲಿನ ಚಿಕ್ಕ ಚುಕ್ಕೆಗಳನ್ನು ಇಟ್ಟು ಒಣಗಲು ಬಿಟ್ಟೆ. ಬಂದೂಕುಗಳಿಗೆ ಹಿಡಿಸೂಡಿಯ ಕಡ್ಡಿ ಸಾಕಾಯಿತು.

ಬಣ್ಣ ಹಚ್ಚುವುದರಲ್ಲೇ ಹೆಚ್ಚು ಸಮಯ ಹೋಗುತ್ತದೆ. ಮೊದಲು ಇಡೀ ಮಾದರಿಗೆ ಹೊಳಪಿಲ್ಲದ ಕಪ್ಪು ಬಣ್ಣ. ಥರ್ಮೋಕೋಲಿನಿಂದ ಮಾದರಿ ಮಾಡುವವರು ಸ್ಪ್ರೇ ಬಣ್ಣ ಬಳಸಬಾರದು. ಅದರಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಕಪ್ಪು ಒಣಗಿದ ಮೇಲೆ ಬೂದು ಬಣ್ಣ, ಆದರೆ ಸಂದಿಗಳಲ್ಲಿ ಕಪ್ಪು ಉಳಿಯುವಂತೆ. ಆಮೇಲೆ ಕಂದು ಬಣ್ಣವನ್ನು ನೀರಿನಲ್ಲಿ ಚಹಾದಷ್ಟು ತೆಳು ಮಾಡಿ ಹರಿಯಬಿಟ್ಟರೆ ಅದು ತಾನಾಗಿಯೇ ಮೂಲೆಗಳಲ್ಲಿ, ಮೊಳೆಗಳ ಸುತ್ತ ನಿಂತು ತುಕ್ಕು ಹಿಡಿದಂತೆ ಕಾಣುತ್ತದೆ. ಕೊನೆಗೆ ಕುಂಚಕ್ಕೆ ಬೆಳ್ಳಿ ಬಣ್ಣ ಹಚ್ಚಿ, ಕಾಗದಕ್ಕೆ ಚೆನ್ನಾಗಿ ಒರೆಸಿ, ಉಳಿದ ಒಣ ಬಣ್ಣವನ್ನು ಅಂಚುಗಳ ಮೇಲೆ ಹಗುರವಾಗಿ ಎಳೆದರೆ ಸವೆದ ಲೋಹದ ಹೊಳಪು ಬರುತ್ತದೆ. ಚಕ್ರಗಳಿಗೆ ಒಣಗಿಸಿದ ಚಹಾ ಚರಟವನ್ನು ಅಂಟಿನಲ್ಲಿ ಕಲಸಿ ಮೆತ್ತಿದೆ, ಅದು ಕೆಸರು. ವಾಹನಕ್ಕೆ ಮೂರು ವಾರ ಹಿಡಿಯಿತು. ಎದುರಿಗೆ ನಿಲ್ಲಿಸಲು ಬೆಂಕಿಕಡ್ಡಿಯ ತುಂಡು ಮತ್ತು ಎಂ-ಸೀಲಿನಿಂದ 17 ಮಿ.ಮೀ. ಎತ್ತರದ 40 ಸೈನಿಕರನ್ನು ಮಾಡಿ ಒಬ್ಬೊಬ್ಬರಿಗೂ ಬಣ್ಣ ಹಚ್ಚಿದೆ.

ಬಾಟಲಿ ಮುಚ್ಚಳದಲ್ಲಿ ನಾನು ಮಾಡಿದ್ದನ್ನು ಇಂಗ್ಲೆಂಡಿನ ಕಾರ್ಖಾನೆಗಳು ಕಥೆ ಬಂದ 13 ವರ್ಷಗಳೊಳಗೆ ಉಕ್ಕಿನಲ್ಲಿಯೇ ಮಾಡಿದವು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷ್ ಸೇನೆ ಮೊದಲ ಬಾರಿಗೆ ಟ್ಯಾಂಕುಗಳನ್ನು ಇಳಿಸಿತು. ಒಂದೊಂದರ ತೂಕ ಸುಮಾರು 28 ಟನ್, ಒಳಗೆ 8 ಜನ. ಟ್ಯಾಂಕಿನ ಕಲ್ಪನೆಯನ್ನು ವೆಲ್ಸ್ ಬಹಳ ಮೊದಲೇ ಪೂರ್ತಿಯಾಗಿ ಕಂಡಿದ್ದರು ಎಂದು ವಿನ್ಸ್‌ಟನ್ ಚರ್ಚಿಲ್ ಆಮೇಲೆ ಒಪ್ಪಿಕೊಂಡರು.

ನೆಲದ ಮೇಲಿನ ಆಟ

ವೆಲ್ಸ್ ಅವರಿಗೆ ಜಾರ್ಜ್ ಫಿಲಿಪ್ ಮತ್ತು ಫ್ರಾಂಕ್ ಎಂಬ ಇಬ್ಬರು ಗಂಡು ಮಕ್ಕಳು. ಅವರೊಂದಿಗೆ ನೆಲದ ಮೇಲೆ ಮರದ ತುಂಡುಗಳಿಂದ ದ್ವೀಪ, ಪಟ್ಟಣ ಕಟ್ಟಿ ಆಡಿದ ಆಟಗಳ ಬಗ್ಗೆ 1911ರಲ್ಲಿ 'ಫ್ಲೋರ್ ಗೇಮ್ಸ್' ಬರೆದರು. 1913ರಲ್ಲಿ 'ಲಿಟಲ್ ವಾರ್ಸ್' ಬಂತು. ಮರದ ಗುಂಡು ಹಾರಿಸುವ ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಈ ಆಟ ಶುರುವಾಯಿತು. ಮೊದಮೊದಲು ವಿಶ್ವಕೋಶದ ದಪ್ಪ ಸಂಪುಟಗಳನ್ನೇ ನೆಲದ ಮೇಲಿಟ್ಟು ಊರು ಕಟ್ಟುತ್ತಿದ್ದರಂತೆ.

ನಿಯಮಗಳು ಸರಳ. ಕಾಲಾಳು ಒಂದು ಸರದಿಯಲ್ಲಿ 1 ಅಡಿ, ಕುದುರೆ ಸವಾರ 2 ಅಡಿ ನಡೆಯಬಹುದು. ಫಿರಂಗಿಯ 6 ಅಂಗುಲದೊಳಗೆ ತಮ್ಮ ಕಡೆಯ ನಾಲ್ಕು ಜನರಾದರೂ ಇಲ್ಲದಿದ್ದರೆ ಅದು ಕೆಲಸ ಮಾಡದು. ಒಂದು ಸರದಿಯಲ್ಲಿ ಅದನ್ನು ನಾಲ್ಕು ಸಲ ಹಾರಿಸಬಹುದು, ಇಲ್ಲವೇ ಸರಿಸಬಹುದು; ಎರಡೂ ಇಲ್ಲ. ಗಡಿಯಾರ ನೋಡಿ ಸಮಯ ಮುಗಿದಾಗ ಕೈ ತೆಗೆಯಬೇಕು. ದಾಳ ಇಲ್ಲ. ಗುಂಡು ತಾಗಿ ಬಿದ್ದವನು ಸತ್ತ. ಇಂದು ಹಲವು ದೇಶಗಳಲ್ಲಿ ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ, 1987ರಲ್ಲಿ ಬಂದ 'ವಾರ್‌ಹ್ಯಾಮರ್ 40,000'ನಂಥ ಭವಿಷ್ಯಲೋಕದ ಆಟಗಳಿಗೂ, ಈ ಪುಟ್ಟ ಪುಸ್ತಕ ಅಜ್ಜನಿದ್ದಂತೆ.

ಪುಸ್ತಕದ ಕೊನೆಗೆ ವೆಲ್ಸ್ ಆಟವನ್ನು ಬಿಟ್ಟು ಓದುಗರ ಕಡೆ ತಿರುಗುತ್ತಾರೆ. ಈ ಆಟವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧ ಎಷ್ಟು ಅವಿವೇಕದ್ದು ಎಂಬುದು ತಿಳಿಯುತ್ತದೆ ಎಂಬುದು ಅವರ ವಾದ. ಆಟದಲ್ಲಿ ಹರಿದ ದೇಹಗಳಿಲ್ಲ, ಸುಟ್ಟ ಮನೆಗಳಿಲ್ಲ. ಯುದ್ಧ ಬೇಕೆನ್ನುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ತವರದ ಸೈನಿಕರನ್ನು ಕೊಟ್ಟುಬಿಡಿ, ಉಳಿದವರು ನೆಮ್ಮದಿಯಾಗಿ ಬದುಕಲಿ ಎನ್ನುವ ಅರ್ಥದಲ್ಲಿ ಬರೆಯುತ್ತಾರೆ.

ಇದನ್ನು ಓದಿದಾಗ ನನಗೆ ಅಷ್ಟಾಗಿ ನಂಬಿಕೆ ಬರಲಿಲ್ಲ. ಮೊಬೈಲಿನಲ್ಲಿ ದಿನವಿಡೀ ಗುಂಡು ಹಾರಿಸುವವರಿಗೆ ಯುದ್ಧದ ಮೇಲೆ ಬೇಸರವೇನೂ ಬಂದದ್ದನ್ನು ನಾನು ನೋಡಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಆಡಿ ನೋಡಿದ ಮೇಲೆ ವ್ಯತ್ಯಾಸ ತಿಳಿಯಿತು. ಪೆನ್ನಿನ ಸ್ಪ್ರಿಂಗಿನಿಂದ ಬಂದೂಕು ಮಾಡಿ ನಾನೂ ತಮ್ಮನೂ ಆಡಿದೆವು. ವಾಹನ ಅವನ ಕಡೆ, ಸೈನಿಕರು ನನ್ನ ಕಡೆ. ಆರನೇ ಸರದಿ ಮುಗಿಯುವಾಗ ನನ್ನ 40 ಜನರಲ್ಲಿ 33 ಮಂದಿ ಬಿದ್ದಿದ್ದರು. ವಾಹನಕ್ಕೆ ಏನೂ ಆಗಿರಲಿಲ್ಲ. ಬಿದ್ದವರನ್ನು ಹೆಕ್ಕುವಾಗ ಒಬ್ಬೊಬ್ಬನೂ ನೆನಪಾಗುತ್ತಿದ್ದ: ಇವನ ಟೋಪಿಗೆ ಎರಡು ಸಲ ಬಣ್ಣ ಹಚ್ಚಬೇಕಾಗಿತ್ತು, ಇವನ ಕೈ ಒಣಗುವ ಮೊದಲೇ ಬಾಗಿತ್ತು. ನೋಡುತ್ತ ಕುಳಿತಿದ್ದ ಉಮ್ಮ, ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಬೀಳಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕೇಳಿದರು. ಬೆಂಕಿಕಡ್ಡಿಯ ಮನುಷ್ಯನ ಬಗ್ಗೆ ಕೇಳಿದ ಮಾತು ಅದು. ಒಂದು ಸಂಜೆಯಲ್ಲಿ ಹತ್ತು ಜನರನ್ನು ಮಾಡುತ್ತಿದ್ದೆ. ನಿಜವಾದ ಒಬ್ಬ ಸೈನಿಕನನ್ನು ಬೆಳೆಸಲು ಒಬ್ಬ ತಾಯಿಗೆ ಇಪ್ಪತ್ತು ವರ್ಷ ಬೇಕು. ವೆಲ್ಸ್ ಹೇಳಿದ್ದು ಇದನ್ನೇ ಎಂದು ನನಗೆ ಆಗ ಅನಿಸಿತು. ತಾನೇ ಮಾಡಿದ್ದು, ತಾನೇ ನಿಲ್ಲಿಸಿದ್ದು, ಕಣ್ಣೆದುರೇ ಬಿದ್ದಾಗ ಲೆಕ್ಕ ಮನಸ್ಸಿಗೆ ನಾಟುತ್ತದೆ. ಗೂಡಿನಲ್ಲಿ ಕುಳಿತು ಗುಂಡಿ ಒತ್ತುವವನಿಗೆ ಅದು ನಾಟುವುದಿಲ್ಲ.

ನಿಜವಾದ ಯುದ್ಧ

ಇದೇ ಪುಸ್ತಕದ ಅನುಬಂಧದಲ್ಲಿ ಸೇನಾಧಿಕಾರಿಗಳ ತರಬೇತಿಗೆ ಬಳಸುವ ಯುದ್ಧಾಟದ ಬಗ್ಗೆ ಸಲಹೆಗಳಿವೆ. ಆ ವಿಷಯದಲ್ಲಿ ಮಾಹಿತಿ ಕೊಟ್ಟ ಒಬ್ಬರಿಗೆ ವೆಲ್ಸ್ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಾರೆ. ಅವರು ಕರ್ನಲ್ ಮಾರ್ಕ್ ಸೈಕ್ಸ್. ಮೂರು ವರ್ಷಗಳ ನಂತರ, 1916ರಲ್ಲಿ, ಫ್ರಾನ್ಸಿನ ಪಿಕೋ ಜೊತೆ ಕುಳಿತು ಉಸ್ಮಾನಿಯಾ ಸಾಮ್ರಾಜ್ಯದ ಅರಬ್ ನಾಡುಗಳನ್ನು ಗುಟ್ಟಾಗಿ ಹಂಚಿಕೊಳ್ಳುವ ಒಪ್ಪಂದ ಮಾಡಿದ ಸೈಕ್ಸ್ ಇವರೇ. ಇರಾಕ್, ಸಿರಿಯಾ, ಫಲಸ್ತೀನ್ ಎಂದು ನಾವು ಸುದ್ದಿಯಲ್ಲಿ ಓದುವಾಗ ಆ ಒಪ್ಪಂದದ ಹೆಸರು ಇಂದಿಗೂ ಬರುತ್ತದೆ. ನೆಲದ ಮೇಲಿನ ಆಟ ಮುಗಿದರೆ ಮರದ ತುಂಡುಗಳನ್ನು ಪೆಟ್ಟಿಗೆಗೆ ಹಾಕಿಡಬಹುದು. ನಿಜವಾದ ನಕ್ಷೆಯ ಮೇಲೆ ಎಳೆದ ಗೆರೆಯನ್ನು ಹಾಗೆ ಮಾಡಲಾಗದು.

'ಲಿಟಲ್ ವಾರ್ಸ್' ಬಂದ ಮರುವರ್ಷ, 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾಯಿತು. ಆಗ ವೆಲ್ಸ್ ಯುದ್ಧದ ವಿರುದ್ಧ ನಿಲ್ಲಲಿಲ್ಲ. ಜರ್ಮನಿಯ ಸೇನಾಬಲವನ್ನು ಮುರಿದರೆ ಇದೇ ಕೊನೆಯ ಯುದ್ಧವಾಗುತ್ತದೆ ಎಂದು ನಂಬಿ ಬರೆದರು. 1918ರಲ್ಲಿ ಶತ್ರುದೇಶದ ವಿರುದ್ಧದ ಪ್ರಚಾರ ವಿಭಾಗದಲ್ಲಿ ಸ್ವಲ್ಪ ಕಾಲ ಕೆಲಸವನ್ನೂ ಮಾಡಿದರು. ಆ ನಂಬಿಕೆ ಸುಳ್ಳಾಯಿತು. ಆಮೇಲೆ ರಾಷ್ಟ್ರಗಳೆಲ್ಲ ಸೇರಿದ ಒಂದು ಸಂಘ ಬೇಕೆಂದು ವಾದಿಸಿದರು. ಎಲ್ಲ ಜನಾಂಗಗಳಿಗೂ ಒಂದೇ ಚರಿತ್ರೆ ಎಂಬ ಭಾವನೆ ಬೆಳೆಯಲೆಂದು ಜಗತ್ತಿನ ಇತಿಹಾಸವನ್ನು ಬರೆದರು. 1920ರ ಸುಮಾರಿಗೆ ಬಂದ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಸಕ್ಕರೆ ಕಾಯಿಲೆ ಇದ್ದ ಅವರು 1934ರಲ್ಲಿ ಆ ರೋಗಿಗಳಿಗಾಗಿ ಬ್ರಿಟನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಲು ನೆರವಾದರು. ಅದು ಇಂದಿಗೂ ಇದೆ.

ಅವರ ಕಲ್ಪನೆಯಲ್ಲಿ ಟ್ಯಾಂಕಿಗಿಂತ ಭಯಂಕರವಾದದ್ದೂ ಒಂದಿತ್ತು. 1914ರ 'ದಿ ವರ್ಲ್ಡ್ ಸೆಟ್ ಫ್ರೀ' ಕಾದಂಬರಿಯಲ್ಲಿ ಅವರು ಪರಮಾಣು ಬಾಂಬ್ ಎಂಬ ಹೆಸರನ್ನೇ ಬಳಸಿದ್ದಾರೆ. ಲಿಯೋ ಜಿಲಾರ್ಡ್ ಎಂಬ ಭೌತವಿಜ್ಞಾನಿ 1932ರಲ್ಲಿ ಅದನ್ನು ಓದಿದರು. ಮರುವರ್ಷ ಲಂಡನ್ನಿನಲ್ಲಿ ಅವರಿಗೆ ನ್ಯೂಟ್ರಾನುಗಳ ಸರಣಿ ಕ್ರಿಯೆಯ ಹೊಳಹು ಸಿಕ್ಕಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬ್ ಬಿತ್ತು. ಅದನ್ನು ಕೇಳಲು ವೆಲ್ಸ್ ಇನ್ನೂ ಬದುಕಿದ್ದರು.

ಎರಡನೇ ಮಹಾಯುದ್ಧದ ಬಾಂಬುಗಳು ಲಂಡನ್ ಮೇಲೆ ಬೀಳುತ್ತಿದ್ದಾಗ, ಎಪ್ಪತ್ತು ದಾಟಿದ ಅವರು ಊರು ಬಿಟ್ಟು ಹೋಗಲು ಒಪ್ಪಲಿಲ್ಲ. ಈ ಸಲ ಅವರು ಕಲ್ಪಿಸಿದ್ದು ಆಯುಧವನ್ನಲ್ಲ. ಯಾವ ದೇಶದಲ್ಲಿ ಹುಟ್ಟಿದರೂ, ಯಾವ ಬಣ್ಣ, ಯಾವ ಮತವಿದ್ದರೂ ಮನುಷ್ಯನಿಗೆ ಇರಲೇಬೇಕಾದ ಹಕ್ಕುಗಳು ಯಾವುವು ಎಂದು ಇತರರ ಜೊತೆ ಸೇರಿ ಒಂದು ಪಟ್ಟಿ ಮಾಡಿದರು. 1940ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. 1946ರ ಆಗಸ್ಟ್ 13ರಂದು ಲಂಡನ್ನಿನ ತಮ್ಮ ಮನೆಯಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದಕ್ಕೆ ದಾರಿ ಮಾಡಿದ ಪ್ರಯತ್ನಗಳಲ್ಲಿ ವೆಲ್ಸ್ ಅವರದ್ದೂ ಒಂದು.

ನಮ್ಮಲ್ಲಿ ಅನೇಕರು ನಾಳೆ ಎಂಜಿನಿಯರ್ ಆಗುವವರು. ಯಂತ್ರ ಕಟ್ಟುವುದನ್ನು, ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತೇವೆ. ಬಟ್ಟೆ ಅಂಗಡಿಯಿಂದ 17 ಮೈಲಿ ನಡೆದು ಬಂದ ಆ ಹುಡುಗ ಯಂತ್ರಗಳ ಶಕ್ತಿಯನ್ನು ಎಲ್ಲರಿಗಿಂತ ಮೊದಲು ಕಂಡರು. ಅವುಗಳ ಎದುರು ನಿಲ್ಲುವ ಮನುಷ್ಯನನ್ನು ಉಳಿಸುವ ನಿಯಮವೇನು ಎಂದು ಕೊನೆಯವರೆಗೂ ಹುಡುಕಿದರು. ಅವರ ಆಟದ ಪುಸ್ತಕವನ್ನೂ ಹಕ್ಕುಗಳ ಪುಸ್ತಕವನ್ನೂ ಜೊತೆಯಾಗಿಟ್ಟು ಓದಿದರೆ ಎರಡರಲ್ಲೂ ಇರುವುದು ಅದೇ ಹುಡುಕಾಟ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ